ಕೋರೆಹಲ್ಲಿನ ಅಗಲ

ಅಪ್ಪಾರ ಪಾದಕ್ಕೆ ಮುಂಬಯಿಯಿಂದ ಗೋಣೆಪ್ಪನ ಶರಣು.

ಪೊಲೀಸ್ ಫೌಜದಾರರ ಜೊತೆ ನಿನ್ನೆ ಇಲ್ಲಿಗೆ ಮುಟ್ಟಿದೆ. ಶಿರೋಳದ ಹಾಳುಬಾವಿಯಲ್ಲಿ ಸಿಕ್ಕ ತಲೆಬುರುಡೆಯನ್ನು ಇಲ್ಲಿಯ ದೊಡ್ಡ ದವಾಖಾನೆಯಲ್ಲಿ ನೋಡಿದರು. ಸೊಂಟದ ಎಲುಬು ಸಿಗಲಿಲ್ಲವಲ್ಲ, ಅದಕ್ಕೆ ಗಂಡೋ ಹೆಣ್ಣೋ ತಿಳಿಯಲು ಹಲ್ಲು ಅಳೆಯಬೇಕಂತೆ. ಬಂಗಾರದ ಕೆಲಸದ ಪತ್ತಾರರ ಚಿಮಟಿಯಂಥ ಉಕ್ಕಿನ ಸಾಮಾನಿನಿಂದ ಡಾಕ್ಟರರು ಕೋರೆಹಲ್ಲು ಹಿಡಿದು ಅಗಲ ನೋಡಿದರು. ಧಾರವಾಡ ಕಡೆಯವರು, ಮೆತ್ತಗೆ ಹೇಳಿದರು: “ಗಂಡಸರ ಕೋರೆಹಲ್ಲು ಇದಕ್ಕಿಂತ ಅಗಲ ಇರ್ತಾವ. ದವಡಿನೂ ಸಣ್ಣದದ. ಇದು ಹೆಣ್ಮಗಳದು ಕಾಣಸ್ತದ, ತಮ್ಮಾ.”

ಬುರುಡೆಯ ಜೊತೆ ಸಿಕ್ಕ ಬೆಳ್ಳಿ ಉಡದಾರವನ್ನು ಫೌಜದಾರರು ಮನೆಗೆ ತಂದು ತೋರಿಸಿದಾಗ ಅವ್ವ ಏನೆಂದಳು, ನೆನಪಿದೆಯೇ? “ಹೆಂಗಸು ಉಡದಾರ ಕಟ್ತಾಳೇನು? ಇದು ಯಾವನೋ ಗಂಡಸಿಂದು. ನನ್ನ ಶಂಕ್ರವ್ವ ಎಲ್ಲೋ ಜೀವಂತ ಅದಾಳ.” ಶಿರೋಳದ ಗಂಡನ ಮನೆಯಿಂದ ಕಾಣೆಯಾದ ಮಗಳು ಬದುಕಿದ್ದಾಳೆಂದು ಅಂದು ಹೋಳಿಗೆ ಮಾಡಿದಳು. ನೀವು ಮಾತ್ರ ಉಣ್ಣದೆ ಎದ್ದು ಹೋದಿರಿ.

ತಂಗಿಯನ್ನು ಗಂಡನ ಮನೆಗೆ ಕಳಿಸಿದಂದಿನಿಂದ ನಿಮ್ಮ ಸೊಂಟದಲ್ಲಿ ಬರೀ ಕರಿದಾರ. ಬೆಳ್ಳಿ ಉಡದಾರ ಹಳ್ಳದಲ್ಲಿ ಬಿತ್ತು ಎಂದಿದ್ದಿರಿ. ಅಡಚಣೆಗೆ ಇರಲೆಂದು ಅವಳ ಕೈಗೆ ಕೊಟ್ಟಿದ್ದಿರಿ, ಹೌದಲ್ಲ ಅಪ್ಪಾ? ಉಡದಾರ ನೋಡಿದಾಗಲೇ ನಿಮಗೆ ತಿಳಿದಿತ್ತು. ನನಗೆ ಈಗ ತಿಳಿಯಿತು.

ಸೋಮವಾರ ಸಂಜೆ ಬರುತ್ತೇನೆ. ಗಜೇಂದ್ರಗಡದ ಬಸ್ ಸ್ಟ್ಯಾಂಡಿಗೆ ನೀವೊಬ್ಬರೇ ಬನ್ನಿರಿ. ಜಾಗ ಮುಗಿಯಿತು. ಕಾರ್ಡಿನಲ್ಲಿ ಏನಿದೆ ಎಂದು ಅವ್ವ ಕೇಳಿದರೆ, ನನ್ನ ಕೆಮ್ಮು ಕಡಿಮೆಯಾಗಿದೆ ಎಂಬಷ್ಟನ್ನೇ ಓದಿರಿ.

ಗೋಣೆಪ್ಪ