ತಲೆಕೆಳಗಾದ ಟಿಫಿನ್ ಕ್ಯಾರಿಯರ್

ಅತ್ತಿಗೆಗೆ ಮೈದುನನ ನಮಸ್ಕಾರ.

ದಕ್ಷಿಣ ಅಮೆರಿಕದಲ್ಲಿ ನಮ್ಮ ಪಾತ್ರೆ ಯಾರು ಕೊಳ್ತಾರೋ ಅಂತ ಅಣ್ಣ ನಕ್ಕಿದ್ದ ತಾನೆ? ಇವತ್ತು ಇಲ್ಲಿನ ಸಗಟು ಅಂಗಡಿಯ ಯಜಮಾನಿ ನಮ್ಮ ಟಿಫಿನ್ ಕ್ಯಾರಿಯರ್ ತುಂಬಾ ಟೊಮೆಟೊ ಸೂಪು ಸುರಿದು, ತಮ್ಮ ಬಿಳಿ ಅಂಗಿಯ ಮುಂದೇ ಅದನ್ನ ತಲೆಕೆಳಗೆ ಹಿಡಿದು ಅಲ್ಲಾಡಿಸಿಬಿಟ್ಟರು. ನನಗೆ ಜೀವ ಬಾಯಿಗೆ ಬಂತು. ಒಂದು ಹನಿಯೂ ಚೆಲ್ಲಲಿಲ್ಲ!

"ಮುಚ್ಚಳ ಇಷ್ಟು ಬಿಗಿಯಾಗಿ ಕೂರೋ ಹಾಗೆ ಮಾಡಿದ್ದು ಯಾರು?" ಅಂತ ದುಭಾಷಿಯ ಮೂಲಕ ಕೇಳಿದರು.

"ನಮ್ಮತ್ತಿಗೆ" ಅಂದೆ.

ಅದೇ ನಮ್ಮ ಕಂಪನಿಯ ಹೆಸರು ಅಂದುಕೊಂಡು, ಎರಡು ಸಾವಿರ 'ನಮ್ಮತ್ತಿಗೆ' ಬೇಕು ಅಂತ ಆರ್ಡರ್ ಬರೆದೇಬಿಟ್ಟರು. ನಾನು ತಿದ್ದೋಕೆ ಹೋಗಲಿಲ್ಲ.

ಸ್ವಲ್ಪ ನೆಗಡಿ, ಬಾಕಿ ಆರಾಮ. ಸ್ಟೀಲ್ ತಗಡು ಈಗಲೇ ತರಿಸೋಕೆ ಅಣ್ಣನಿಗೆ ಹೇಳಿ. ಕಾರ್ಡಲ್ಲಿ ಜಾಗ ಮುಗೀತು. ನಗು ಮಾತ್ರ ಇನ್ನೂ ನಿಂತಿಲ್ಲ.

ನಿಮ್ಮ ಮೈದುನ