ಎರಡನೆಯ ಬಾಚಣಿಗೆ

ಪ್ರಯೋಗಾಲಯದ ಮೇಡಮ್ ಅವರಿಗೆ ನಮಸ್ಕಾರ.

ಬಣ್ಣದ ಕಾರ್ಖಾನೆಗೆ ಬೆಂಕಿ ಬಿದ್ದ ಮೇಲೆ ನಿಮ್ಮ ಕಿಟಕಿಯ ಮುಂದೆ ಸಾಲುಗಟ್ಟಿ ನಿಂತವರಲ್ಲಿ ನಾನೂ ಒಬ್ಬ, ಬಸ್ ನಿಲ್ದಾಣದ ಕ್ಷೌರಿಕ. ಆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗ ನಮ್ಮ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಅನಾಥಾಲಯದಿಂದ ತಂದು ಸಾಕಿದವನು ಎಂದೆ. "ಹಾಗಾದ್ರೆ ನಿಮ್ಮ ಎಂಜಲು ಬೇಡ ಯಜಮಾನ್ರೇ, ನಿಮ್ಮ ಮಗನ ಬಾಚಣಿಗೆ ತನ್ನಿ. ಡಿಎನ್‌ಎ ಅದ್ರಲ್ಲೇ ಸಿಗುತ್ತೆ" ಎಂದಿರಿ.

ನಾನು ತಂದುಕೊಟ್ಟದ್ದು ಅವನದಲ್ಲ, ಅಂಗಡಿಯಲ್ಲಿ ಗಿರಾಕಿಗಳಿಗೆ ಬಳಸುವುದು. ಮರೆತು ಅಲ್ಲ, ಬೇಕೆಂದೇ. ನಿಮ್ಮಿಂದ 'ಹೌದು' ಎಂದು ಬಂದರೆ ನನ್ನ ಹೆಂಡತಿ ಉಳಿಯುವುದಿಲ್ಲ ಅನ್ನಿಸಿತ್ತು.

ಯಾವ ದೇಹಕ್ಕೂ ಹೊಂದಲಿಲ್ಲ ಎಂಬ ನಿಮ್ಮ ಕಾಗದವನ್ನು ಅವಳು ದಿಂಬಿನಡಿ ಇಟ್ಟುಕೊಂಡಿದ್ದಾಳೆ. "ನಾನ್ ಹೇಳಿರ್ಲಿಲ್ವಾ, ಎಲ್ಲೋ ಹೋಗಿದಾನೆ, ಬರ್ತಾನೆ" ಎನ್ನುತ್ತಾಳೆ. ನಾಲ್ಕು ತಿಂಗಳಿಂದ ದಿನವೂ ಅವನಿಗೊಂದು ತಟ್ಟೆ ಬಡಿಸಿಡುತ್ತಾಳೆ. ಅವಳು ಆಚೆ ಹೋದಾಗ ಅದನ್ನೂ ನಾನೇ ಉಣ್ಣುತ್ತೇನೆ. ದಪ್ಪಗಾಗಿದ್ದೇನೆಂದು ಗಿರಾಕಿಗಳು ತಮಾಷೆ ಮಾಡುತ್ತಾರೆ.

ಗುರುತು ಸಿಗದ ಒಂದೇ ದೇಹ ಉಳಿದಿದೆ, ತಿಂಗಳ ಕೊನೆಗೆ ಸರ್ಕಾರವೇ ಹೂಳುತ್ತದೆ ಎಂದು ಮೊನ್ನೆ ಪೇಪರಿನಲ್ಲಿ ಓದಿದೆ. ಅನಾಥನಾಗಿ ಬಂದವನನ್ನು ಅನಾಥನಾಗಿಯೇ ಕಳಿಸಲಾರೆ.

ಅವನ ಬಾಚಣಿಗೆ ಈ ಲಕೋಟೆಯಲ್ಲಿದೆ. ಉತ್ತರವನ್ನು ಅಂಗಡಿಯ ವಿಳಾಸಕ್ಕೆ ಕಳಿಸಿ, ಅವಳಿಗೆ ನಾನೇ ಹೇಳಬೇಕು. ಪರೀಕ್ಷೆಗೆ ಬೇಕಾದಷ್ಟು ಕೂದಲು ತೆಗೆದುಕೊಂಡು, ಉಳಿದದ್ದನ್ನು ಹಾಗೆಯೇ ಬಾಚಣಿಗೆಯಲ್ಲಿ ಬಿಟ್ಟು ಹಿಂತಿರುಗಿಸಿ. ಮೂವತ್ತು ವರ್ಷದಿಂದ ಅಂಗಡಿಯ ಕೂದಲನ್ನು ಗುಡಿಸಿ ಹೊರಗೆ ಹಾಕಿದ್ದೇನೆ. ಅದರಲ್ಲಿ ಅವನದೂ ಎಷ್ಟೋ ಇತ್ತು.

ಇಂತಿ,
ನಿಮಗೆ ಸುಳ್ಳು ಹೇಳಿದ ತಂದೆ