ಮಣೆ ನನ್ನ ಜೊತೆಗಿದೆ

“ಇಲ್ಲಿ ‘ದಿ’ ಹಾಕಬೇಕೋ ‘ಎ’ ಹಾಕಬೇಕೋ?” ಅಂತ ಬೆಳಿಗ್ಗೆ ಶೇವ್ ಮಾಡಿಕೊಳ್ಳುತ್ತಾ ಕನ್ನಡಿಯನ್ನು ಕೇಳಿದಿರಲ್ಲ, ಅಡುಗೆಮನೆಗೆ ಕೇಳಿಸಿತು ರೀ.

ಸಾರು ಒಲೆ ಮೇಲಿದೆ, ಬಿಸಿ ಮಾಡಿಕೊಳ್ಳಿ. ಹಾಲಿಗೆ ತಟ್ಟೆ ಮುಚ್ಚಿ, ಬೆಕ್ಕು ಬರುತ್ತೆ.

ನಿಮ್ಮ ಕುರಿರೋಗದ ಇಂಗ್ಲಿಷ್ ಲೇಖನ ಪೂರ್ತಿ ಓದಿದೆ. ಓದುವವರಿಗೆ ಇನ್ನೂ ಪರಿಚಯವೇ ಆಗದ ಕುರಿಗೆ ಮೊದಲ ಸಾಲಿನಲ್ಲೇ ‘ದಿ’ ಹಚ್ಚಿದ್ದೀರಿ. ಯಾವ ಕುರಿ ಅಂತ ಲಂಡನ್ನಿನ ಪತ್ರಿಕೆಯವರು ಹೆಬ್ಬಾಳಕ್ಕೆ ಬಂದು ಕೇಳಬೇಕೇ? ಮೊದಲು ‘ಎ’ ಅಂತ ಕರೆತನ್ನಿ, ಗುರುತಾದ ಮೇಲೆ ‘ದಿ’ ಅನ್ನಿ. ಇದೊಂದು ಹೇಳಿದ್ದೇನೆ. ಮುಂದೆ ಇನ್ನೂ ಇವೆ. ಎಲ್ಲೆಲ್ಲಿ ಅಂತ ನನಗೆ ಗೊತ್ತು, ಹೇಳೋದಿಲ್ಲ.

ಅಪ್ಪ ಕಾವ್ಯ ಓದುವಾಗ ತಪ್ಪಿದ ಕಡೆ ನಾನು ಮಣೆ ತಟ್ಟುತ್ತಿದ್ದೆ. ಅವರು ನಿಂತು, “ಶಿವಾ” ಅಂದು, ಸರಿಮಾಡಿಕೊಳ್ಳುತ್ತಿದ್ದರು. ಹೋದ ವರ್ಷ ನೀವು ಲೇಖನ ಓದಿ ಹೇಳಿದಾಗಲೂ ಹಾಗೇ ತಟ್ಟಿದೆ. ಅದು ಅಚ್ಚಾಯಿತು. ಭಾನುವಾರ ಮನೆಗೆ ಬಂದಿದ್ದ ನಿಮ್ಮ ಮೇಲಧಿಕಾರಿ ಶೇಖರಪ್ಪ ಸರ್ ಅದರ ಇಂಗ್ಲಿಷನ್ನು ಹೊಗಳಿದಾಗ ಏನಂದಿರಿ? “ಇವಳು ಪಕ್ಕದಲ್ಲಿ ಮಣೆ ಕುಟ್ಕೊಂಡು ಭಜನೆ ಮಾಡ್ತಿದ್ಲು, ಆ ಗಲಾಟೇಲೇ ಬರೆದೆ ಸರ್!” ಎಲ್ಲರೂ ನಕ್ಕರು. ನಾನು ಅವರಿಗೆ ಕಾಫಿ ಕೊಡುತ್ತಿದ್ದೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು ಅನ್ನೋದೂ ನಿಮ್ಮ ಬಾಯಿಗೆ ಬರಲಿಲ್ಲ.

ಆರ್.ಟಿ. ನಗರಕ್ಕೆ, ಅಕ್ಕನ ಮನೆಗೆ ಹೋಗಿದ್ದೇನೆ. ಅಲ್ಲಿ ಪೂಜೆಯಾದ ಮೇಲೆ ವಚನ ಹೇಳುತ್ತಾರೆ, ಕೇಳಿಕೊಂಡಿರುತ್ತೇನೆ. ಮಣೆಯನ್ನೂ ತೆಗೆದುಕೊಂಡು ಹೋಗಿದ್ದೇನೆ, ಹುಡುಕಬೇಡಿ.

“ನಾಳೆ ಅಂಚೆಗೆ ಹಾಕಲೇಬೇಕು, ಸಂಜೆ ಒಂದೇ ಒಂದ್ಸಲ ಕೇಳಿಬಿಡೇ” ಅಂತ ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ಅಂದಿರಿ.

ಕೇಳೋದಿಲ್ಲ.